ರೀಫಂಡಿನ ಆಸೆಗೆ ಹೆಬ್ಬೆಟ್ಟು

ಆದಾಯ ತೆರಿಗೆಯ ಲೆಕ್ಕ ಒಪ್ಪಿಸುವ ಕಾಲ ಬಂತೆಂದರೆ ಮುಂಬಯಿಯ ದುಡಿಯುವ ಜನರ ಮೊಬೈಲುಗಳಲ್ಲಿ ಹೊಸ ಬಗೆಯ ಉಪಕಾರಿಗಳು ಕಾಣಿಸಿಕೊಳ್ಳುತ್ತಾರೆ. "ಫಾರಂ ೧೬ರ ಫೋಟೋ ಕಳಿಸಿ, ಓಟಿಪಿ ಹೇಳಿ, ಉಳಿದದ್ದು ನಮಗೆ ಬಿಡಿ, ಕಡಿದ ತೆರಿಗೆಯನ್ನೆಲ್ಲ ವಾಪಸು ತರಿಸುತ್ತೇವೆ, ಬಂದುದರಲ್ಲಿ ಒಂದು ಪಾಲು ಕೊಟ್ಟರೆ ಸಾಕು" ಎಂಬುದೇ ಇವರ ಮಂತ್ರ. ಇವರ ಮುಖ ಕಂಡವರಿಲ್ಲ, ಕಚೇರಿ ಬಲ್ಲವರಿಲ್ಲ. ಆದರೂ ಜತೆಗಾರನಿಗೆ ಇಪ್ಪತ್ತು ಸಾವಿರ ಬಂತಂತೆ ಎಂಬ ಒಂದು ಸುದ್ದಿಗೆ ನಮ್ಮವರು ಸಾಲುಗಟ್ಟುತ್ತಾರೆ.

ಇದು ಸಹಾಯವಲ್ಲ, ಸುಲಿಗೆ.

ಈ ಹಣ ಎಲ್ಲಿಂದ ಹುಟ್ಟುತ್ತದೆ? ತೆರದ ಬಾಡಿಗೆ, ಮಾಡಿಸದ ವಿಮೆ, ಯಾವುದೋ ಪಕ್ಷಕ್ಕೆ ಕೊಡದ ದೇಣಿಗೆ, ಬಾರದ ಕಾಯಿಲೆಯ ಖರ್ಚು, ಇವುಗಳಿಂದ. ೨೦೨೫ರ ಜುಲೈ ೧೪ರಂದು ಆದಾಯ ತೆರಿಗೆ ಇಲಾಖೆ ಇಂತಹ ದಲ್ಲಾಳಿಗಳ ಮೇಲೆ ದೇಶದ ಹಲವೆಡೆ ಶೋಧ ನಡೆಸಿತು. ಅದರ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು ೪೦,೦೦೦ ಜನ ತಮ್ಮ ಲೆಕ್ಕ ತಿದ್ದಿ ೧,೦೪೫ ಕೋಟಿ ರೂ.ಗಳ ಸುಳ್ಳು ಬೇಡಿಕೆಗಳನ್ನು ಹಿಂತೆಗೆದುಕೊಂಡರೆಂದು ಇಲಾಖೆಯೇ ಪ್ರಕಟಿಸಿತು. ಈ ದಲ್ಲಾಳಿಗಳು ತಾತ್ಕಾಲಿಕ ಇಮೇಲು ವಿಳಾಸ ಹುಟ್ಟಿಸಿ, ಕೆಲಸ ಮುಗಿದೊಡನೆ ಅದನ್ನು ಕೈಬಿಡುತ್ತಾರೆಂದೂ ಹೇಳಿತು. ಎಂದರೆ, ನೋಟೀಸು ಬಂದದ್ದೂ ಕಾರ್ಮಿಕನಿಗೆ ತಿಳಿಯುವುದಿಲ್ಲ.

ಹಿಂದೆ ಸಾಲಕ್ಕಾಗಿ ಬರಿ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಹೊಲ ಕಳೆದುಕೊಂಡವರ ಮಕ್ಕಳು ನಾವು. ಇಂದಿನ ಓಟಿಪಿ ಅದೇ ಹೆಬ್ಬೆಟ್ಟು. "ಇದರಲ್ಲಿರುವುದೆಲ್ಲ ನಿಜ" ಎಂದು ಸಹಿ ಹಾಕುವವನು ದಲ್ಲಾಳಿಯಲ್ಲ, ನೀವು. ೧೯೬೧ರ ಕಾಯಿದೆಯ ೨೭೦ಎ ಕಲಮಿನಂತೆ ಸುಳ್ಳು ವಿವರಕ್ಕೆ ತಪ್ಪಿಸಿದ ತೆರಿಗೆಯ ಇಮ್ಮಡಿ ದಂಡ. ೨೦,೦೦೦ ರೂ. ಸುಳ್ಳು ರೀಫಂಡಿನಲ್ಲಿ ಹತ್ತನೆಯ ಒಂದು ಪಾಲು ಅವನಿಗೆ ಹೋದರೆ ನಿಮ್ಮ ಕೈಗೆ ೧೮,೦೦೦. ಸಿಕ್ಕಿಬಿದ್ದ ದಿನ ನೀವು ತೆರಬೇಕಾದದ್ದು ೬೦,೦೦೦ ಮತ್ತು ಬಡ್ಡಿ. ಅವನ ೨,೦೦೦ ಅವನಲ್ಲೇ ಭದ್ರ.

"ಫಾರಮು ನಮಗೆ ಅರ್ಥವಾಗದು, ಪುರಸೊತ್ತೂ ಇಲ್ಲ" ಎನ್ನುವವರಿದ್ದಾರೆ. ಈ ಮಾತು ನಿಜ. ಆದರೆ ಪ್ರಾಮಾಣಿಕ ಲೆಕ್ಕಿಗರಿಗೆ ಬರವಿಲ್ಲ. ಕೆಲವು ಅಪವಾದಗಳನ್ನು ಬಿಟ್ಟರೆ, ಫಲದ ಮೇಲೆ ಶೇಕಡಾವಾರು ಶುಲ್ಕ ಪಡೆಯುವುದು ೧೯೪೯ರ ಚಾರ್ಟರ್ಡ್ ಅಕೌಂಟೆಂಟರ ಕಾಯಿದೆಯಂತೆ ವೃತ್ತಿದ್ರೋಹ. ಆದುದರಿಂದ ರೀಫಂಡಿನಲ್ಲಿ ಪಾಲು ಕೇಳಿದವನನ್ನು ಆ ಕ್ಷಣವೇ ದೂರವಿಡಿ. ನಿಗದಿಯಾದ ಶುಲ್ಕ ಹೇಳಿ, ಸದಸ್ಯತ್ವದ ಸಂಖ್ಯೆ ಕೊಟ್ಟು, ಸಲ್ಲಿಸುವ ಮುನ್ನ ಪ್ರತಿಯೊಂದು ಅಂಕಿಯನ್ನೂ ತೋರಿಸುವವನು ದೂರದ ಊರಿನಿಂದ ಆನ್‌ಲೈನಿನಲ್ಲಿ ಮಾಡಿಕೊಟ್ಟರೂ ಆಕ್ಷೇಪವಿಲ್ಲ.

ಇನ್ನೊಂದು ಮಾತು. ೨೦೨೫-೨೬ನೆಯ ಆರ್ಥಿಕ ವರ್ಷಕ್ಕೆ ಹೊಸ ಪದ್ಧತಿಯಲ್ಲಿ, ಸಂಬಳವೊಂದೇ ಆದಾಯವಾಗಿರುವವರಿಗೆ ೧೨,೭೫,೦೦೦ ರೂ.ವರೆಗೆ ತೆರಿಗೆಯೇ ಇಲ್ಲ. ನಮ್ಮಲ್ಲಿ ಬಹುಮಂದಿಯ ಸಂಬಳ ಇದರೊಳಗೇ ಇದೆ. ಕಡಿತವಾಗಿದ್ದರೆ ಸತ್ಯ ಬರೆದರೂ ಹಣ ಹಿಂದಿರುಗುತ್ತದೆ. ಇಲಾಖೆಯ ಪೋರ್ಟಲಿನಲ್ಲಿ ಸಲ್ಲಿಸಲು ಕಾಸೂ ಬೇಡ. ನಿಮ್ಮದೇ ಹಣವನ್ನು ನಿಮಗೆ ಕೊಡಿಸಲು ದಲ್ಲಾಳಿಗೇಕೆ ಪಾಲು?

ಹಗಲೆಲ್ಲ ಹೊಟೇಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿಶಾಲೆ ಕಟ್ಟಿ ಅಕ್ಷರ ಕಲಿಸಿದ ಪರಂಪರೆ ಈ ನಗರದ ಕನ್ನಡಿಗರದು. ಹಬ್ಬ, ಸನ್ಮಾನಗಳಿಗೆ ಸಭಾಗೃಹ ಹಿಡಿಯುವ ನಮ್ಮ ಸಂಘಗಳು ಜೂನ್, ಜುಲೈ ತಿಂಗಳ ಭಾನುವಾರಗಳಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಲೆಕ್ಕ ಬಲ್ಲ ಇಬ್ಬರು ಸದಸ್ಯರನ್ನು ಕೂರಿಸಲಾರವೇ? ಮುಂದಿನ ಮಹಾಸಭೆಯಲ್ಲಿ ಈ ಠರಾವನ್ನು ಸದಸ್ಯರೇ ಮಂಡಿಸಬೇಕು.

ಈಗಾಗಲೇ ಬಲೆಗೆ ಬಿದ್ದವರು ನಾಚಿ ಕೂರಬಾರದು. ನೋಟೀಸು ಬರುವ ಮೊದಲೇ ತಿದ್ದಿದ ಲೆಕ್ಕ ಸಲ್ಲಿಸಲು ಕಾಯಿದೆಯಲ್ಲಿ ದಾರಿಯಿದೆ. ಹೆಚ್ಚುವರಿ ತೆರಿಗೆ ಬೀಳುತ್ತದೆ, ಆದರೆ ಇಮ್ಮಡಿ ದಂಡಕ್ಕಿಂತ ಅದು ಹಗುರ. ಇಂದೇ ಪೋರ್ಟಲಿನಲ್ಲಿ ನಿಮ್ಮ ಹೆಸರಿನೆದುರು ಯಾರ ಇಮೇಲು, ಯಾರ ಫೋನು ಇದೆಯೆಂದು ನೋಡಿಕೊಳ್ಳಿ.