ಬೆಂಗಳೂರಿನಿಂದ ನೆರುಲ್‌ಗೆ ಬಂದ ವಿಶ್ವಕಪ್

2025ರ ನವೆಂಬರ್ 2ರಂದು ನೆರುಲ್‌ನ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ ಭಾರತದ ವನಿತೆಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ, ಏಕದಿನ ಕ್ರಿಕೆಟ್ಟಿನ ವಿಶ್ವಕಪ್ಪನ್ನು ಪ್ರಪ್ರಥಮ ಬಾರಿಗೆ ತಮ್ಮದಾಗಿಸಿಕೊಂಡರು. ಮಳೆಯಿಂದಾಗಿ ತಡವಾಗಿ ಆರಂಭವಾದ ಪಂದ್ಯ ಮುಗಿಯುವಾಗ ಮಧ್ಯರಾತ್ರಿ ಕಳೆದಿತ್ತು. ಶೆಫಾಲಿ ವರ್ಮಾ ಅವರ 87 ರನ್, ದೀಪ್ತಿ ಶರ್ಮಾ ಅವರ ಐದು ವಿಕೆಟ್, ಕೊನೆಯ ಚೆಂಡನ್ನು ಹಿಡಿದ ನಾಯಕಿ ಹರ್ಮನ್‌ಪ್ರೀತ್ ಕೌರ್ ಅವರ ಸಂತಸದ ಓಟ, ಇವೆಲ್ಲವೂ ನಮ್ಮ ಓದುಗರಿಗೆ ತಿಳಿದಿರುವ ಸಂಗತಿಗಳೇ. ಅವುಗಳ ಪುನರುಕ್ತಿಗಾಗಿ ಈ ಪುಟವನ್ನು ವ್ಯಯಿಸುವುದು ನನ್ನ ಉದ್ದೇಶವಲ್ಲ. ಥಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್‌ಹಾರ್ಬರ್ ಮಾರ್ಗವಾಗಿ ಡೊಂಬಿವಲಿಯವರೂ ಕಲ್ಯಾಣದವರೂ ಸುಲಭವಾಗಿ ತಲುಪಬಹುದಾದ ಆ ಮೈದಾನಕ್ಕೆ ಈ ಪಂದ್ಯ ಬಂದುದಾದರೂ ಹೇಗೆ, ಅದರಲ್ಲಿ ಕನ್ನಡಿಗರಾದ ನಮ್ಮ ಪಾಲು ಎಷ್ಟು ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ.

ಮೂಲದಲ್ಲಿ ಈ ಪಂದ್ಯ ಬೆಂಗಳೂರಿನದು. ಪಾಕಿಸ್ತಾನ ಅಂತಿಮ ಘಟ್ಟ ತಲುಪಿದರೆ ಕೊಲಂಬೊದಲ್ಲಿ, ಇಲ್ಲವಾದರೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ ನಡೆಯಬೇಕೆಂದು ಮೊದಲು ನಿಶ್ಚಯವಾಗಿತ್ತು. 2025ರ ಜೂನ್ 4ರಂದು, ಹದಿನೆಂಟು ವರ್ಷಗಳ ಕಾಯುವಿಕೆಯ ನಂತರ ಐಪಿಎಲ್ ಗೆದ್ದ ತಂಡದ ವಿಜಯೋತ್ಸವಕ್ಕೆಂದು ಅದೇ ಕ್ರೀಡಾಂಗಣದ ಬಾಗಿಲುಗಳಲ್ಲಿ ನೆರೆದ ಜನಸಮೂಹದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಅಸುನೀಗಿದರು. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಆಯೋಗವು ಬೃಹತ್ ಜನಸ್ತೋಮ ಸೇರುವ ಕಾರ್ಯಕ್ರಮಗಳಿಗೆ ಆ ಸ್ಥಳ ಸುರಕ್ಷಿತವಲ್ಲವೆಂದು ವರದಿ ನೀಡಿತು. ರಾಜ್ಯದ ಮಹಾರಾಜ ಟ್ರೋಫಿಯೇ ಮೈಸೂರಿಗೆ ಹೋಗಬೇಕಾಯಿತು. ವಿಶ್ವಕಪ್ಪಿಗೂ ಅನುಮತಿ ದೊರೆಯಲಿಲ್ಲ. ಆಗಸ್ಟ್ 22ರಂದು ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ಬೆಂಗಳೂರನ್ನು ಕೈಬಿಟ್ಟು ನವಿ ಮುಂಬಯಿಯನ್ನು ಹೆಸರಿಸಿತು. ಹೀಗೆ ಮೂರು ಪ್ರಾಥಮಿಕ ಪಂದ್ಯಗಳೂ ಒಂದು ಉಪಾಂತ್ಯ ಪಂದ್ಯವೂ ಕಡೆಗೆ ಅಂತಿಮ ಪಂದ್ಯವೂ ನೆರುಲ್‌ನ ಪಾಲಿಗೆ ಬಂದವು.

ಸುದ್ದಿ ಬಂದ ದಿನಗಳಲ್ಲಿ ನಮ್ಮವರಲ್ಲಿ ಎರಡು ಬಗೆಯ ಮಾತುಗಳನ್ನು ಕೇಳಿದೆ. “ಊರಿಗೆ ಅವಮಾನವಾಯಿತು” ಎಂದು ಮರುಗಿದವರು ಕೆಲವರು. “ಬೆಂಗಳೂರಿನವರಿಗೆ ಜನ ನಿಭಾಯಿಸಲು ಬರುವುದಿಲ್ಲ, ಅದನ್ನು ಮುಂಬಯಿಯಲ್ಲಿ ಕಲಿಯಬೇಕು” ಎಂದು ಬೀಗಿದವರು ಇನ್ನು ಕೆಲವರು. ಎರಡನೆಯ ಮಾತು ನನಗೆ ಒಪ್ಪಿಗೆಯಾಗಲಿಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರಸ್ತೆ ನಿಲ್ದಾಣದ ಕಾಲುಸೇತುವೆಯ ಮೇಲೆ 23 ಜೀವಗಳು ನಲುಗಿಹೋದ ಊರು ನಮ್ಮದು. ಬೆಂಗಳೂರಿನ ದುರಂತ ನಡೆದ ಐದನೆಯ ದಿನವೇ, ಜೂನ್ 9ರ ಬೆಳಿಗ್ಗೆ, ಮುಂಬ್ರಾದ ಬಳಿ ತುಂಬಿದ ಲೋಕಲ್ ಗಾಡಿಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡರು. ದಿವಾ, ಮುಂಬ್ರಾ, ಕಳ್ವಾ ದಾಟಿಯೇ ದಿನದ ಅನ್ನ ಸಂಪಾದಿಸುವ ನಾವು ಜನಸಂದಣಿಯ ನಿರ್ವಹಣೆಯನ್ನು ಕುರಿತು ಯಾರಿಗೂ ಪಾಠ ಹೇಳುವ ಸ್ಥಿತಿಯಲ್ಲಿಲ್ಲ.

ಮರುಗಿದವರ ಮರುಕವೂ ಅರ್ಧದಾರಿಯಲ್ಲೇ ನಿಂತಿತೆಂದು ನನ್ನ ಅನಿಸಿಕೆ. ಒಂದು ಪಂದ್ಯ ಕೈತಪ್ಪಿದುದಕ್ಕಿಂತ ದೊಡ್ಡ ನಷ್ಟವೊಂದು ಕನ್ನಡನಾಡಿಗೆ ಆಗಿದೆ. ಅದನ್ನು ಅರಿಯಲು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು. ಭಾರತದ ವನಿತೆಯರು ತಮ್ಮ ಮೊತ್ತಮೊದಲ ಟೆಸ್ಟ್ ಪಂದ್ಯವಾಡಿದ್ದು 1976ರ ಅಕ್ಟೋಬರ್ ಕೊನೆಯಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ, ಬೆಂಗಳೂರಿನಲ್ಲಿ. ಆ ತಂಡದ ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿಯವರು. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ತಂಡಕ್ಕೆ ಮೊದಲ ವಿಜಯವನ್ನು ತಂದಿತ್ತವರೂ, ಮುಂದೆ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಭಾರತೀಯ ಮಹಿಳೆಯೊಬ್ಬಳ ಮೊದಲ ಟೆಸ್ಟ್ ಶತಕವನ್ನು ಬಾರಿಸಿದವರೂ ಅವರೇ. ಆ ಪೀಳಿಗೆಯ ಆಟಗಾರ್ತಿಯರು ಕಾಯ್ದಿರಿಸದ ರೈಲು ಡಬ್ಬಿಗಳಲ್ಲಿ ಪ್ರಯಾಣ ಮಾಡಿ, ಸಾಮೂಹಿಕ ವಸತಿಗೃಹಗಳ ನೆಲದ ಮೇಲೆ ಮಲಗಿ ಆಡಿದವರು. ಸಂಭಾವನೆಯ ಮಾತಂತೂ ದೂರವೇ ಉಳಿಯಿತು. ಪುರುಷರ ಮಂಡಳಿ ಅವರ ಆಟವನ್ನು ತನ್ನ ತೆಕ್ಕೆಗೆ ತೆಗೆದುಕೊಂಡದ್ದು 2006ರಲ್ಲಿ. ತೆಗೆದುಕೊಂಡ ಮೇಲೂ ತಾತ್ಸಾರ ತೊಲಗಲಿಲ್ಲ. 2013ರ ವನಿತೆಯರ ವಿಶ್ವಕಪ್ ಮುಂಬಯಿಯಲ್ಲಿ ನಡೆದಾಗ, ವಾಂಖೆಡೆ ಮೈದಾನ ಪುರುಷರ ರಣಜಿ ಅಂತಿಮ ಪಂದ್ಯಕ್ಕೆ ಬೇಕೆಂದು ವನಿತೆಯರ ಪಂದ್ಯಗಳನ್ನು ಬೇರೆಡೆಗೆ ಸಾಗಹಾಕಲಾಯಿತು. ವಿಶ್ವಕಪ್ಪಿಗಿಂತ ದೇಶೀಯ ಪಂದ್ಯವೇ ದೊಡ್ಡದಾದ ಆ ವಿಚಿತ್ರವನ್ನು ಅಂದು ಎಷ್ಟು ಮಂದಿ ಪ್ರಶ್ನಿಸಿದರೋ!

ಇಂಥ ಆರಂಭವನ್ನು ಕಂಡ ನಾಡಿನ ಒಬ್ಬ ಹೆಣ್ಣುಮಗಳೂ 2025ರ ವಿಜೇತ ತಂಡದಲ್ಲಿರಲಿಲ್ಲ. ಎಂಟು ವರ್ಷಗಳ ಹಿಂದೆ ಹೀಗಿರಲಿಲ್ಲ. 2017ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನೆದುರು ಕೇವಲ ಒಂಬತ್ತು ರನ್‌ಗಳಿಂದ ಸೋತ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ ಇದ್ದರು, ವಿಜಯಪುರದ ರಾಜೇಶ್ವರಿ ಗಾಯಕವಾಡ ಇದ್ದರು. ಅದೇ ಪಂದ್ಯಾವಳಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಹದಿನೈದು ರನ್‌ಗಳಿಗೆ ಐದು ವಿಕೆಟ್ ಕಿತ್ತು ಉಪಾಂತ್ಯದ ಬಾಗಿಲು ತೆರೆದವರು ಈ ರಾಜೇಶ್ವರಿ. ಕಡೂರು, ವಿಜಯಪುರ: ರಾಜಧಾನಿಯಿಂದ ದೂರದ ಊರುಗಳು. ಕಲಬುರಗಿಯಲ್ಲಿ ಜನಿಸಿದ ಶ್ರೇಯಾಂಕಾ ಪಾಟೀಲ 2024ರ ಮಹಿಳಾ ಪ್ರೀಮಿಯರ್ ಲೀಗಿನ ಅಂತಿಮ ಪಂದ್ಯದಲ್ಲಿ ನಾಲ್ಕು ವಿಕೆಟ್ ಪಡೆದು ಬೆಂಗಳೂರಿನ ತಂಡಕ್ಕೆ ಕಪ್ ತಂದಿತ್ತರೂ 2025ರಲ್ಲಿ ಗಾಯದಿಂದಾಗಿ ಹೊರಗುಳಿಯಬೇಕಾಯಿತು. ಒಬ್ಬರು ಗಾಯಗೊಂಡರೆ ನಾಡಿನ ಸ್ಥಾನವೇ ಬರಿದಾಗುವುದೆಂದರೆ, ಅವರ ಹಿಂದೆ ನಿಂತ ಸಾಲು ಎಷ್ಟು ತೆಳುವಾಗಿರಬೇಕು!

ತಂಡದಲ್ಲಿದ್ದವರಾದರೂ ಎಲ್ಲಿಂದ ಬಂದರು? ಪಂಜಾಬಿನ ಮೋಗಾ, ಹರಿಯಾಣದ ರೋಹ್ತಕ್, ಬಂಗಾಳದ ಸಿಲಿಗುರಿ, ಆಂಧ್ರದ ಕಡಪಾ, ಮಧ್ಯಪ್ರದೇಶದ ಛತ್ರಪುರ ಜಿಲ್ಲೆಯ ಒಂದು ಸಣ್ಣ ಊರು. ಸ್ಮೃತಿ ಮಂಧಾನಾ ಬೆಳೆದದ್ದು ಸಾಂಗಲಿಯಲ್ಲಿ. ಜತ್ತ ತಾಲೂಕಿನ ಕನ್ನಡಿಗರನ್ನು ಒಡಲಲ್ಲಿಟ್ಟುಕೊಂಡ ಜಿಲ್ಲೆಯೆಂಬ ಕಾರಣಕ್ಕೆ ಅವರನ್ನೂ ‘ನಮ್ಮವರು’ ಎಂದು ಸನ್ಮಾನಪತ್ರ ಬರೆಯುವವರು ನಮ್ಮಲ್ಲಿಲ್ಲದಿಲ್ಲ. ಆ ಹಂಬಲ ನಗೆಗೆ ಕಾರಣವಾದೀತೇ ಹೊರತು ಗೌರವಕ್ಕಲ್ಲ. ನಮಗೆ ನಿಜಕ್ಕೂ ಹತ್ತಿರದ ಉದಾಹರಣೆ ಬೇರೊಂದಿದೆ. ಅಕ್ಟೋಬರ್ 30ರ ಉಪಾಂತ್ಯದಲ್ಲಿ ಆಸ್ಟ್ರೇಲಿಯಾ ಒಡ್ಡಿದ 339 ರನ್‌ಗಳ ಗುರಿಯನ್ನು, ವನಿತೆಯರ ಏಕದಿನ ಪಂದ್ಯಗಳಲ್ಲಿ ಅದುವರೆಗೆ ಯಾರೂ ತಲುಪದಿದ್ದ ಎತ್ತರವನ್ನು, ಅಜೇಯ 127 ರನ್ ಗಳಿಸಿ ದಾಟಿಸಿದ ಜೆಮಿಮಾ ರೊಡ್ರಿಗಸ್ ಹುಟ್ಟಿ ಬೆಳೆದದ್ದು ಭಾಂಡುಪ್‌ನಲ್ಲಿ. ನಮ್ಮ ಮಧ್ಯ ರೈಲ್ವೆಯ ಭಾಂಡುಪ್! ಮಗಳ ಆಟಕ್ಕೆ ಅನುಕೂಲವಾಗಲೆಂದು ಆ ಕುಟುಂಬ ಬಾಂದ್ರಾಕ್ಕೆ ಮನೆ ಬದಲಿಸಿತು. ತಂದೆಯೇ ತರಬೇತುದಾರರಾದರು. ಕ್ರಿಕೆಟ್ಟಿನೊಡನೆ ಹಾಕಿಯನ್ನೂ ಆಡಿ ಮಹಾರಾಷ್ಟ್ರದ ಕಿರಿಯರ ತಂಡದಲ್ಲಿ ಸ್ಥಾನ ಗಳಿಸಿದ ಹುಡುಗಿ ಆಕೆ. ಹುಡುಗಿಯ ಆಟಕ್ಕಾಗಿ ಮನೆ ಬದಲಿಸುವ ಸಂಸಾರಗಳು ನಮ್ಮ ನೆರೆಕರೆಯಲ್ಲಿ ಎಷ್ಟಿವೆ?

ಮೈದಾನವಿಲ್ಲ ಎಂಬ ಉತ್ತರ ಕೂಡಲೇ ಬರುತ್ತದೆ. ಅದು ಸುಳ್ಳಲ್ಲ. ಆದರೆ ಇಲ್ಲಿ ಲಡಾಖಿನ ಹೆಣ್ಣುಮಕ್ಕಳನ್ನು ನೆನೆಯಬೇಕು. ಅವರ ಆಟ ಐಸ್ ಹಾಕಿ. ಪುರುಷರ ವಿಶ್ವ ಚಾಂಪಿಯನ್‌ಷಿಪ್ಪಿನ ಚರಿತ್ರೆ 1920ರ ಆಂಟ್ವರ್ಪ್ ಒಲಿಂಪಿಕ್ಸಿನಿಂದ ಆರಂಭವಾದರೆ, ಸ್ತ್ರೀಯರಿಗೆ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ದೊರೆತದ್ದು 1990ರಲ್ಲಿ, ಕೆನಡಾದ ಒಟ್ಟಾವಾದಲ್ಲಿ. ಎಪ್ಪತ್ತು ವರ್ಷಗಳ ಅಂತರ. ಅಲ್ಲಿಯೂ ಆತಿಥೇಯ ತಂಡಕ್ಕೆ ಗುಲಾಬಿ ಬಣ್ಣದ ಅಂಗಿ ತೊಡಿಸಿ ಜನರನ್ನು ಸೆಳೆಯಬೇಕಾಯಿತು! (ಕ್ರಿಕೆಟ್ಟಿನಲ್ಲಿ ಮಾತ್ರ ಇದು ತಿರುಗುಮುರುಗು. ವನಿತೆಯರ ವಿಶ್ವಕಪ್ 1973ರದು, ಪುರುಷರದು 1975ರದು.) ನಮ್ಮ ದೇಶದ ಐಸ್ ಹಾಕಿ ವನಿತಾ ತಂಡದ ಬಹುತೇಕ ಆಟಗಾರ್ತಿಯರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಜಾರುತ್ತ ಆಟ ಕಲಿತವರು. ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಅವರ ಮೈದಾನ ಅಸ್ತಿತ್ವದಲ್ಲಿರುತ್ತದೆ, ಬಿಸಿಲೇರಿದರೆ ನೀರಾಗಿಹೋಗುತ್ತದೆ. ಅಂಥವರು 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು ಮಣಿಸಿ ಮೊದಲ ಅಂತಾರಾಷ್ಟ್ರೀಯ ಗೆಲುವು ಪಡೆದರು. 2025ರ ಜೂನ್ ಮೊದಲ ವಾರ, ಇಡೀ ದೇಶ ಬೆಂಗಳೂರಿನ ಸಾವುಗಳ ಸುದ್ದಿಯಲ್ಲಿ ಮುಳುಗಿದ್ದಾಗ, ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ ಏಷ್ಯಾ ಕಪ್ಪಿನ ಕಂಚಿನ ಪದಕವನ್ನು ಕೊರಳಿಗೆ ಹಾಕಿಕೊಂಡರು. ಕರಗಿಹೋಗುವ ಮೈದಾನದಲ್ಲಿ ಕಲಿತವರಿಗೆ ಇಷ್ಟು ಸಾಧ್ಯವಾಗಿರುವಾಗ, ಡೊಂಬಿವಲಿಯಲ್ಲಿ ಸಾವಳಾರಾಮ ಮಹಾರಾಜ ಕ್ರೀಡಾ ಸಂಕುಲವೂ, ಕಲ್ಯಾಣದಲ್ಲಿ ಸುಭಾಷ್ ಮೈದಾನವೂ, ಥಾಣೆಯಲ್ಲಿ ದಾದೋಜಿ ಕೊಂಡದೇವ ಕ್ರೀಡಾಂಗಣವೂ ಇರುವ ನಾವು ಸ್ಥಳಾಭಾವದ ಮಾತಾಡುವಾಗ ಸ್ವಲ್ಪ ತಡೆದು ಆಡಬೇಕು.

ಸ್ಥಳಕ್ಕಿಂತ ಹೆಚ್ಚಾಗಿ ನಮಗೆ ಕೊರತೆಯಾಗಿರುವುದು ಆಸ್ಥೆ. ನಮ್ಮ ಸಂಘಗಳ ಕ್ರೀಡಾದಿನಗಳನ್ನು ಮೂರು ದಶಕಗಳಿಂದ ನೋಡುತ್ತ ಬಂದವನು ನಾನು. ಪುರುಷರಿಗೆ ಕ್ರಿಕೆಟ್ಟಿದೆ, ಹಗ್ಗಜಗ್ಗಾಟವಿದೆ, ವಾಲಿಬಾಲ್ ಇದೆ; ಗೆದ್ದವರಿಗೆ ಎತ್ತಲು ಇಬ್ಬರು ಬೇಕಾಗುವಷ್ಟು ದೊಡ್ಡ ಫಲಕವಿದೆ, ನಗದು ಬಹುಮಾನವಿದೆ. ಹೆಣ್ಣುಮಕ್ಕಳಿಗೆ? ಲಿಂಬೆ-ಚಮಚದ ಓಟ, ಸಂಗೀತ ಕುರ್ಚಿ, ಕೊನೆಗೊಂದು ರಂಗೋಲಿ ಸ್ಪರ್ಧೆ. ಬಹುಮಾನ ಒಂದು ಸ್ಟೀಲ್ ಡಬ್ಬಿ. ಲಿಂಬೆ-ಚಮಚದ ಓಟದಲ್ಲಿ ಕಾಣಿಸುವ ಗುಣ ಓಟವಲ್ಲ, ಏನನ್ನೂ ಬೀಳಿಸದೆ ನಿಧಾನವಾಗಿ ನಡೆಯುವ ಗುಣ. ಹುಡುಗಿಯರಿಂದ ನಾವು ನಿರೀಕ್ಷಿಸುತ್ತಿರುವುದೂ ಅದನ್ನೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ನೃತ್ಯ, ಸಂಗೀತ, ಯಕ್ಷಗಾನಗಳನ್ನು ಮುಂದಿನ ಪೀಳಿಗೆಗೆ ದಾಟಿಸುವಲ್ಲಿ ಹೊರನಾಡ ಸಂಘಗಳು ಪಟ್ಟ ಶ್ರಮ ಸಣ್ಣದಲ್ಲ. ಅದನ್ನು ಕಡಿಮೆ ಮಾಡಿರೆಂದು ನಾನು ಹೇಳುವುದಿಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ರಾತ್ರಿಶಾಲೆಗಳನ್ನು ಕಟ್ಟಿಕೊಟ್ಟ ಹಿರಿಯರ ಪರಂಪರೆ ನಮ್ಮದು. ಹುಡುಗರಿಗೆ ಅಂದು ಬೇಕಾದದ್ದನ್ನು ಗುರುತಿಸಿದ ಆ ಕಣ್ಣು, ಹುಡುಗಿಯರಿಗೆ ಇಂದು ಬೇಕಾದದ್ದನ್ನೂ ಗುರುತಿಸಬೇಕೆಂಬುದಷ್ಟೇ ನನ್ನ ವಾದ.

ಪೋಷಕರ ಅಳುಕು ನನಗೆ ಅರ್ಥವಾಗದ್ದೇನಲ್ಲ. ಬೆಳಗಿನ ಅಭ್ಯಾಸಕ್ಕೆ ಹೊರಡುವ ಮಗಳು ಕಿಟ್ ಹೊತ್ತು ಡೊಂಬಿವಲಿಯ ಜನಜಂಗುಳಿಯಲ್ಲಿ ಗಾಡಿ ಹತ್ತಬೇಕು, ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿರುತ್ತದೆ, ಬ್ಯಾಟು-ಪ್ಯಾಡುಗಳ ಬೆಲೆ ಒಬ್ಬ ಗುಮಾಸ್ತನ ತಿಂಗಳ ಲೆಕ್ಕವನ್ನು ತಲೆಕೆಳಗಾಗಿಸುತ್ತದೆ. ಒಂಟಿ ಸಂಸಾರಕ್ಕೆ ಇದು ಭಾರ. ಆದರೆ ಒಂಟಿ ಸಂಸಾರಕ್ಕೆ ಭಾರವಾದದ್ದನ್ನು ಹತ್ತು ಸಂಸಾರ ಕೂಡಿ ಹೊರುವುದಕ್ಕಾಗಿಯೇ ಅಲ್ಲವೇ ಸಂಘಗಳು ಹುಟ್ಟಿಕೊಂಡದ್ದು? ನಾಲ್ಕು ಹುಡುಗಿಯರು ಒಟ್ಟಿಗೆ ಹೊರಟರೆ ತಾಯಂದಿರ ಅಳುಕು ಕಡಿಮೆಯಾಗುತ್ತದೆ. ಹನ್ನೆರಡು ಮಂದಿಗೆ ಎರಡು ಕಿಟ್ ಸಾಕಾಗುತ್ತದೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ನಮ್ಮದೇ ಶಾಲೆಗಳಿವೆ. ಅಂಥ ಶಾಲೆಗಳ ಅಂಗಳಗಳನ್ನು ವಾರದಲ್ಲಿ ಒಂದು ಬೆಳಿಗ್ಗೆ ಕೇಳಿದರೆ ಇಲ್ಲವೆನ್ನುವರೆಂದು ನನಗೆ ತೋರುವುದಿಲ್ಲ.

ಡಿ. ವೈ. ಪಾಟೀಲ ಮೈದಾನ 2022ರ ಜನವರಿಯಲ್ಲಿ ಇನ್ನೊಂದು ದೃಶ್ಯವನ್ನೂ ಕಂಡಿತ್ತು. ಮಹಿಳಾ ಫುಟ್‌ಬಾಲಿನ ಏಷ್ಯಾ ಕಪ್ ನಡೆಯುತ್ತಿದ್ದಾಗ, ಕೊರೊನಾ ಸೋಂಕಿನಿಂದಾಗಿ ಆಡಲು ಬೇಕಾದಷ್ಟು ಮಂದಿಯೂ ಉಳಿಯದೆ ಆತಿಥೇಯ ಭಾರತವೇ ಸ್ಪರ್ಧೆಯಿಂದ ಹೊರನಡೆಯಬೇಕಾಯಿತು. ಅದೇ ವರ್ಷದ ಅಕ್ಟೋಬರ್ 30ರಂದು ಹದಿನೇಳು ವರ್ಷದೊಳಗಿನ ಬಾಲಕಿಯರ ಫುಟ್‌ಬಾಲ್ ವಿಶ್ವಕಪ್ಪನ್ನು ಸ್ಪೇನ್ ಗೆದ್ದದ್ದೂ ಅಲ್ಲಿಯೇ. ಹೆಣ್ಣುಮಕ್ಕಳ ಆಟದ ಇಷ್ಟೊಂದು ಚರಿತ್ರೆ ನಮ್ಮ ಮಗ್ಗುಲಲ್ಲಿ ನಡೆದುಹೋದರೂ ನಮ್ಮ ಸಂಘಗಳ ವಾರ್ಷಿಕ ವರದಿಗಳಲ್ಲಿ ಅದರ ನೆರಳೂ ಬಿದ್ದಂತಿಲ್ಲ.

ಬರುವ ವಾರ್ಷಿಕ ಮಹಾಸಭೆಯಲ್ಲಿ ಒಂದು ಗೊತ್ತುವಳಿಯನ್ನು ಮಂಡಿಸಬೇಕೆಂದು ನಾನು ನಿರ್ಧರಿಸಿದ್ದೇನೆ. ಪುರುಷರ ಕ್ರಿಕೆಟ್ ಪಂದ್ಯಾವಳಿಗೆ ಸಂಘ ಎಷ್ಟು ಹಣ ವಿನಿಯೋಗಿಸುತ್ತದೆಯೋ ಅಷ್ಟೇ ಹಣ ಹದಿನಾರು ವರ್ಷದೊಳಗಿನ ಹುಡುಗಿಯರ ತರಬೇತಿಗೆ ಮೀಸಲಾಗಲಿ. ಫಲಕಗಳ ಖರ್ಚನ್ನು ಒಂದು ವರ್ಷ ನಿಲ್ಲಿಸಿ ಆ ಹಣದಲ್ಲಿ ಕಿಟ್ ಕೊಳ್ಳೋಣ. ಥಾಣೆ, ಕಲ್ಯಾಣ್, ವಾಶಿಗಳ ಸೋದರ ಸಂಘಗಳು ಒಪ್ಪಿದರೆ ಪ್ರತಿ ರವಿವಾರ ಬೆಳಿಗ್ಗೆ ಒಂದೇ ಮೈದಾನದಲ್ಲಿ ಎಲ್ಲರ ಮಕ್ಕಳೂ ಸೇರಬಹುದು. ಗೊತ್ತುವಳಿಯನ್ನು ಅನುಮೋದಿಸಲು ಒಬ್ಬ ಸದಸ್ಯರು ಬೇಕು. ಆ ಸದಸ್ಯರು ಒಬ್ಬ ಹುಡುಗಿಯ ತಾಯಿಯಾಗಿದ್ದರೆ ನನಗೆ ಹೆಚ್ಚು ಸಂತೋಷ. ಒಪ್ಪುವವರು ಸಭೆಗೆ ಮುನ್ನವೇ ಕಾರ್ಯಾಲಯಕ್ಕೆ ಒಂದು ಪತ್ರ ಬರೆಯಲಿ.