ಗೃಹಸ್ಥರೊಡನೆ ಎರಡು ಮಾತು: ಉದ್ಯೋಗಸ್ಥರ ಸ್ವಾಸ್ಥ್ಯಪತ್ರ

ಮನೆಯ ಯಜಮಾನನಿಗೆ ವಿಷಮಶೀತಜ್ವರ ಬಂದು ಇಳಿದರೆ, ಆ ಬಳಿಕ ನಡೆಯತಕ್ಕ ಉಪಚಾರವನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಿಕೊಡಬೇಕಾದುದಿಲ್ಲ. ಮೊದಲು ಗಂಜಿ, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಸಾರು. ಮೊದಲು ಜಗಲಿಯವರೆಗೆ ನಡಿಗೆ, ಆಮೇಲೆ ಬೀದಿಯ ಕೊನೆಯವರೆಗೆ. ಆತನು ಕಚೇರಿಗೆ ಹೊರಟ ದಿನ ಮೇಲಧಿಕಾರಿಯೂ ಕರೆದು ಕುಳ್ಳಿರಿಸಿ, ಭಾರವಾದ ಕೆಲಸವನ್ನು ನಾಲ್ಕು ದಿನ ಮತ್ತೊಬ್ಬರಿಗೆ ಒಪ್ಪಿಸುವನು. ಆದರೆ ಅಸ್ವಸ್ಥವಾದುದು ದೇಹವಲ್ಲದೆ ಮನಸ್ಸಾಗಿದ್ದರೆ ನಮ್ಮ ರೀತಿಯೇ ಬೇರೆ. ರಜೆಯ ಅರ್ಜಿಯಲ್ಲಿ ಕಾಮಾಲೆಯೆಂದು ಬರೆಯುತ್ತೇವೆ. ನೆರೆಯವರಿಗೆ ಊರಿಗೆ ಹೋಗಿದ್ದಾನೆನ್ನುತ್ತೇವೆ. ವೈದ್ಯರು ಕೆಲಸಕ್ಕೆ ಹೋಗಬಹುದೆಂದ ಮರುದಿನವೇ, ಹಿಂದೆ ಏನೂ ನಡೆದೇ ಇಲ್ಲವೆಂಬಂತೆ, ಆತನನ್ನು ಕಚೇರಿಗೆ ಕಳುಹಿಸುತ್ತೇವೆ. ಅಲ್ಲಿ ಮೂರು ತಿಂಗಳ ಕಡತಗಳು ಮೇಜಿನ ಮೇಲೆ ಕಾದಿರುತ್ತವೆ. ಯಾರಿಗೂ ಏನೂ ತಿಳಿಯದು. ಆದಕಾರಣ ಯಾರೂ ಏನನ್ನೂ ಮಾಡರು. ಎರಡನೆಯ ತಿಂಗಳಿಗೆ ನಿದ್ರೆ ಕೆಡುತ್ತದೆ, ನಾಲ್ಕನೆಯ ತಿಂಗಳಿಗೆ ರಾಜೀನಾಮೆ. ‘ಅವನ ಹಣೆಬರಹ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಹಣೆಬರಹವನ್ನು ಓದಿದವರಿಲ್ಲ, ಕಾಗದದ ಮೇಲೆ ಬರೆದುದನ್ನಾದರೆ ಓದಬಹುದು. ಈ ತಿಂಗಳು ಅಂಥದೊಂದು ಕಾಗದದ ವಿಚಾರವನ್ನು ವಾಚಕರ ಮುಂದಿಡುತ್ತೇವೆ.

ಅಮೆರಿಕಾ ದೇಶದ ವರ್ಮಾಂಟ್ ಸಂಸ್ಥಾನದಲ್ಲಿ ಮೇರಿ ಎಲೆನ್ ಕೋಪ್‌ಲೆಂಡ್ ಎಂಬ ಮಹಿಳೆ ಈ ಕಾಗದವನ್ನು ಲೋಕಕ್ಕೆ ಪರಿಚಯಿಸಿದವರು. ಆಕೆಯ ತಾಯಿ ಪೆನ್ಸಿಲ್ವೇನಿಯಾದ ಮಾನಸಿಕ ಆಸ್ಪತ್ರೆಯಲ್ಲಿ ಎಂಟು ವರ್ಷ ಇದ್ದವರು. ಗುಣವಾಗಲಾರರೆಂದು ವೈದ್ಯರೇ ಕೈಚೆಲ್ಲಿದ್ದರೂ ಆ ತಾಯಿ ಗುಣಹೊಂದಿ ಹೊರಬಂದು, ಶಾಲೆಗಳಲ್ಲಿ ಮಕ್ಕಳ ಆಹಾರದ ಮೇಲ್ವಿಚಾರಣೆಯ ಉದ್ಯೋಗವನ್ನು ಬಹುಕಾಲ ನಡೆಸಿದರು. ಮುಂದೆ ಮಗಳಿಗೂ ಅದೇ ಜಾತಿಯ ವ್ಯಾಧಿ ಬಂದಾಗ, ಇಂಥವರು ದಿನನಿತ್ಯವನ್ನು ಹೇಗೆ ಸಾಗಿಸುತ್ತಾರೆಂದು ಆಕೆ ವೈದ್ಯರನ್ನು ಕೇಳಿದರು. ಉತ್ತರ ದೊರೆಯಲಿಲ್ಲ. ಆಗ ಆಕೆ ಅದೇ ಬೇನೆಯನ್ನು ಉಂಡವರನ್ನೇ ಕೇಳತೊಡಗಿದರು: ಏಳುವುದು ಹೇಗೆ, ಕೆಲಸಕ್ಕೆ ಹೋಗುವುದು ಹೇಗೆ, ಬೀಳುವ ಮುನ್ನ ತಿಳಿಯುವುದು ಹೇಗೆ? 1997ರಲ್ಲಿ ವರ್ಮಾಂಟಿನಲ್ಲಿ ಇಂಥವರು ಒಂದೆಡೆ ಕೂಡಿ ತಮ್ಮ ಅನುಭವವನ್ನು ಒಂದು ಕ್ರಮಕ್ಕೆ ತಂದರು. ಅದಕ್ಕೆ ‘ವೆಲ್‌ನೆಸ್ ರಿಕವರಿ ಆಕ್ಷನ್ ಪ್ಲಾನ್’ ಎಂದು ಹೆಸರಾಯಿತು. ನಾವು ಇಲ್ಲಿ ಸ್ವಾಸ್ಥ್ಯಪತ್ರವೆನ್ನೋಣ. ಇದು ವೈದ್ಯರು ರೋಗಿಗೆ ಬರೆದುಕೊಟ್ಟ ಚೀಟಿಯಲ್ಲ, ರೋಗವನ್ನು ಬಲ್ಲವರು ತಮಗಾಗಿ ತಾವೇ ಬರೆದುಕೊಂಡುದು ಎಂಬುದನ್ನು ವಾಚಕರು ಮರೆಯಬಾರದು.

ಅದರೊಳಗೆ ಏನಿರುವುದು? ತಾನು ಚೆನ್ನಾಗಿದ್ದಾಗ ಹೇಗಿರುತ್ತೇನೆಂಬ ವರ್ಣನೆ ಮೊದಲು. ಇದು ಅನಾವಶ್ಯಕವೆಂದು ತೋರಬಹುದು. ಆದರೆ ಸ್ವಭಾವತಃ ಮಿತಭಾಷಿಯಾದವನು ಸುಮ್ಮನೆ ಕುಳಿತರೆ ಮನೆಯವರು ಗಾಬರಿಪಡಬಾರದಲ್ಲವೆ? ಆ ಬಳಿಕ ಪ್ರತಿದಿನ ತಪ್ಪದೆ ಮಾಡಬೇಕಾದುವು. ವಾಗ್ಭಟಾದಿಗಳು ದಿನಚರ್ಯೆಯೆಂದು ಹೇಳಿದ ಜಾಡೇ ಇದು, ಆದರೆ ಎಲ್ಲರಿಗೂ ಒಂದೇ ಆದುದಲ್ಲ, ಒಬ್ಬೊಬ್ಬನಿಗೆ ಒಂದೊಂದು. ಅನಂತರ ಮನಸ್ಸನ್ನು ಕದಡತಕ್ಕ ಸಂದರ್ಭಗಳು, ಕೆಡುತ್ತಿರುವುದರ ಮುಂಗುರುತುಗಳು, ಸ್ಥಿತಿ ಬಿಗಡಾಯಿಸಿದರೆ ಯಾರು ಏನು ಮಾಡಬೇಕೆಂಬ ಕಟ್ಟಳೆ, ಕಡೆಗೆ, ಬಿದ್ದು ಎದ್ದ ಮೇಲೆ ಕೆಲಸಕ್ಕೆ ಮರಳುವ ಕ್ರಮ. ಮದುವೆಗೆ ಎಷ್ಟು ತೆಂಗಿನಕಾಯಿ, ಎಷ್ಟು ಬಾಳೆಯೆಲೆಯೆಂದು ಆರು ತಿಂಗಳ ಮೊದಲೇ ಪಟ್ಟಿ ಬರೆಯುವ ನಮಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಒಬ್ಬ ಬ್ಯಾಂಕಿನ ಗುಮಾಸ್ತನನ್ನು ಊಹಿಸಿಕೊಳ್ಳಿರಿ. ‘ಮನಸ್ಸಿಗೆ ಬೇಜಾರಾಗುವುದು’ ಎಂದು ಆತನು ಮುಂಗುರುತಿನ ಕೆಳಗೆ ಬರೆದರೆ ಪ್ರಯೋಜನವಿಲ್ಲ, ಬೇಜಾರು ಯಾರಿಗಿಲ್ಲ? ಆತನು ತನ್ನ ಹಿಂದಿನ ಬೇನೆಯನ್ನು ನೆನೆದು ಹೀಗೆ ಬರೆಯಬೇಕು: ‘ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ರೆ ಹತ್ತುವುದಿಲ್ಲ. ಎಣಿಸಿದ ನೋಟನ್ನೇ ಮೂರು ಸಲ ಎಣಿಸುತ್ತೇನೆ. ಮಧ್ಯಾಹ್ನ ಜೊತೆಯವರೊಡನೆ ಬುತ್ತಿ ಬಿಚ್ಚದೆ ಒಬ್ಬನೇ ಹೊರಗೆ ಹೋಗುತ್ತೇನೆ. ಮನೆಯಿಂದ ಫೋನು ಬಂದರೆ ತೆಗೆಯುವುದಿಲ್ಲ.’ ಇವು ನಾಲ್ಕರಲ್ಲಿ ಎರಡು, ನಾಲ್ಕು ದಿನ ನಿಂತರೆ ವೈದ್ಯರನ್ನು ಕಾಣತಕ್ಕದ್ದೆಂದು ಆತನೇ ಕೆಳಗೆ ನಿಶ್ಚಯ ಬರೆದಿಡುವನು. ಕೆಲಸದ ಸಂಗತಿಯೂ ಇಷ್ಟೇ ಸ್ಪಷ್ಟವಾಗಿರಲಿ. ರಾತ್ರಿ ನುಂಗುವ ಕೆಲವು ಔಷಧಿಗಳಿಂದ ಬೆಳಗಿನ ಹೊತ್ತು ತೂಕಡಿಕೆ ಬರುವುದುಂಟು. ಅಂಥವನನ್ನು ಬೆಳಗಿನ ಮೊದಲ ಗಂಟೆಯಲ್ಲೇ ನಗದು ಕೊಡುವ ಕಿಟಕಿಯಲ್ಲಿ ಕುಳ್ಳಿರಿಸಿದರೆ ಲೆಕ್ಕ ತಪ್ಪದೆ ಮತ್ತೇನು? ಮಾತ್ರೆಯ ಹೊತ್ತನ್ನು ಮುಂದೆ ತರಬಹುದೆ ಎಂದು ವೈದ್ಯರನ್ನು ಕೇಳುವುದು ಒಂದು ಉಪಾಯ. ಮೊದಲ ಗಂಟೆಯನ್ನು ಲೆಡ್ಜರಿನ ಕೆಲಸದಲ್ಲಿ ಕಳೆಯಲು ಅಧಿಕಾರಿಯ ಒಪ್ಪಿಗೆ ಪಡೆಯುವುದು ಇನ್ನೊಂದು. ಎರಡಕ್ಕೂ ಕಾಸು ಖರ್ಚಿಲ್ಲ. ಆದರೆ ಇವುಗಳನ್ನು ಯೋಚಿಸಲು ಸಮಾಧಾನದ ಕಾಲವೇ ಬೇಕು. ಬೇನೆ ಏರಿದ ಮೇಲೆ ಬರೆಯಲು ಕುಳಿತರೆ ‘ನಾನು ಯಾವುದಕ್ಕೂ ಬಾರದವನು’ ಎಂಬುದೊಂದೇ ವಾಕ್ಯ ಲೇಖನಿಯಿಂದ ಹೊರಡುವುದು.

ಇಂಗ್ಲೆಂಡಿನಲ್ಲಿ ‘ಮೈಂಡ್’ ಎಂಬ ಸೇವಾಸಂಸ್ಥೆಯು ಇದೇ ಕ್ರಮವನ್ನು ಕಚೇರಿಗೆ ಒಗ್ಗಿಸಿ, ನೌಕರನೂ ಮೇಲಧಿಕಾರಿಯೂ ಕೂಡಿ ಮಾತಾಡಿಕೊಳ್ಳಲು ಅನುಕೂಲವಾದ ಒಂದು ನಮೂನೆಯನ್ನು ಸಿದ್ಧಮಾಡಿದೆ. ಕೆಲಸದಲ್ಲಿ ನಿಮ್ಮನ್ನು ಚೆನ್ನಾಗಿಡುವುದು ಯಾವುದು, ಕೆಡಿಸುವುದು ಯಾವುದು, ನಾವು ಏನನ್ನು ಗಮನಿಸಬೇಕು, ಗಮನಿಸಿದರೆ ಏನು ಮಾಡಬೇಕು ಎಂಬ ಧಾಟಿಯ ಪ್ರಶ್ನೆಗಳು ಅದರಲ್ಲಿವೆ. ರೋಗದ ಹೆಸರನ್ನು ಹೇಳಲೇಬೇಕೆಂಬ ನಿರ್ಬಂಧವಿಲ್ಲದಿರುವುದೇ ಅದರ ಚೆಲುವು. ‘ಕೆಲಸವನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಬರೆದು ಕೊಟ್ಟರೆ ನನಗೆ ಅನುಕೂಲ’ ಎನ್ನಲು ಯಾವ ವ್ಯಾಧಿಯ ಹೆಸರೂ ಬೇಕಾಗಿಲ್ಲ.

ಇಲ್ಲಿ ಗೃಹಸ್ಥರು ಕೇಳುವ ಪ್ರಶ್ನೆಯನ್ನು ನಾವು ಬಲ್ಲೆವು. ಕಾಗದವನ್ನು ಅಧಿಕಾರಿಗೆ ತೋರಿಸಿದರೆ ಕೆಲಸವೇ ಹೋದೀತಲ್ಲ? ಈ ಭಯವು ನಿರಾಧಾರವೆಂದು ಹೇಳಿದರೆ ನಾವು ಲೋಕವನ್ನು ಕಾಣದವರೆನಿಸಿಕೊಂಡೇವು. ಆದರೆ ಕಾನೂನು ಹಿಂದಿನಂತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಮಾನಸಿಕ ಅಸ್ವಸ್ಥತೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಸೇವೆಯಲ್ಲಿದ್ದಾಗ ವೈಕಲ್ಯಕ್ಕೆ ಒಳಗಾದ ನೌಕರನನ್ನು ತೆಗೆದುಹಾಕುವುದಾಗಲಿ ದರ್ಜೆಯಿಳಿಸುವುದಾಗಲಿ ಕೂಡದು, ಆ ಹುದ್ದೆ ಒಗ್ಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಯನ್ನು ಕೊಡತಕ್ಕದ್ದು ಎಂದು ಅದರ 20ನೆಯ ಕಲಮು ವಿಧಿಸುತ್ತದೆ. 2021ರ ಡಿಸೆಂಬರಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಮೊಕದ್ದಮೆಯಲ್ಲಿ, ಮಾನಸಿಕ ವೈಕಲ್ಯವುಳ್ಳವರ ಮೇಲೆ ಶಿಸ್ತಿನ ಕ್ರಮ ಜರುಗಿಸುವುದೂ ಪರೋಕ್ಷವಾದ ಭೇದಭಾವವಾಗುವುದೆಂದು ತೀರ್ಪಿತ್ತಿತು. ಆದರೂ ಎರಡು ಎಚ್ಚರಿಕೆಗಳುಂಟು. ಈ 20ನೆಯ ಕಲಮು ಸರಕಾರಿ ಸಂಸ್ಥೆಗಳಿಗೆ ಸಂಬಂಧಿಸಿದುದು. ಖಾಸಗಿ ನೌಕರರಿಗೆ ಅಷ್ಟು ಗಟ್ಟಿಯಾದ ಆಸರೆ ಇಲ್ಲ. ಮೇಲಾಗಿ, ಬಂದುಹೋಗುವ ಎಲ್ಲ ಖಿನ್ನತೆಯೂ ಕಾನೂನಿನ ಅರ್ಥದಲ್ಲಿ ವೈಕಲ್ಯವೆನಿಸದು.

ಆದುದರಿಂದ ನಮ್ಮ ಅಭಿಪ್ರಾಯವು ಇದು: ಕಾಗದವನ್ನು ಎರಡಾಗಿ ಬರೆಯಿರಿ. ಮನೆಯ ಹಾಳೆ ಬೇರೆ, ಕಚೇರಿಯ ಹಾಳೆ ಬೇರೆ. ಔಷಧಿ, ಹಿಂದಿನ ಆಸ್ಪತ್ರೆವಾಸ, ಮನೆಯ ಕಲಹ ಇವೆಲ್ಲ ಮನೆಯ ಹಾಳೆಯಲ್ಲಿ. ಕಚೇರಿಯದರಲ್ಲಿ ಬೇಕಾದ ಅನುಕೂಲ, ಗಮನಿಸತಕ್ಕ ಗುರುತು, ಫೋನು ಮಾಡತಕ್ಕ ಒಬ್ಬರ ಹೆಸರು, ಇಷ್ಟು ಸಾಕು. ಅದನ್ನು ಯಾರಿಗೆ, ಯಾವಾಗ ತೋರಿಸಬೇಕೆಂಬುದನ್ನು ಬರೆದಾತನೇ ನಿರ್ಧರಿಸಬೇಕು. ತೋರಿಸಲಾರೆನೆಂದರೆ ಪೆಟ್ಟಿಗೆಯಲ್ಲೇ ಇರಲಿ. ಆಗಲೂ ಅದು ನಿಷ್ಪ್ರಯೋಜಕವಲ್ಲ. ತಂದೆಯಾಗಲಿ ಅಣ್ಣನಾಗಲಿ ಹಿತಚಿಂತನೆಯ ನೆಪದಿಂದ ಆತನಿಗೆ ತಿಳಿಯದಂತೆ ಅಧಿಕಾರಿಯನ್ನು ಕಂಡು ಬರುವುದು ಮಾತ್ರ ಸರ್ವಥಾ ಸಲ್ಲದು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ ಪ್ರಕಾರ ವೈದ್ಯರೇ ಗುಟ್ಟನ್ನು ಕಾಯಲು ಬದ್ಧರಾಗಿರುವಾಗ ಮನೆಯವರು ಬಿಟ್ಟುಕೊಡಬಹುದೆ?

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಮನೆಯವರ ಪಾಲಿನ ಕೆಲಸ. ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುವ ಸೊಸೆ ತನ್ನ ಕಾಗದದಲ್ಲಿ ‘ಏಳು ಗಂಟೆಯ ನಿದ್ರೆ’ ಎಂದು ಬರೆದಳೆನ್ನೋಣ. ಬರೆಯುವುದು ಸುಲಭ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನೀರು ತುಂಬಿ, ಒಂಬತ್ತರೊಳಗೆ ತಿಂಡಿ, ಬುತ್ತಿ, ಮಕ್ಕಳ ಜಡೆ ಎಲ್ಲವನ್ನೂ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಪಾತ್ರೆ ಬೆಳಗಿ ಮಲಗುವವಳಿಗೆ ಏಳು ಗಂಟೆಯ ನಿದ್ರೆ ಎಲ್ಲಿಂದ ಬರಬೇಕು? ಉನ್ಮಾದ, ಖಿನ್ನತೆಗಳೆರಡೂ ಸರದಿಯಿಂದ ಬರುವ ವ್ಯಾಧಿಯಲ್ಲಿ ನಿದ್ರೆಗೇಡು ಬರಿಯ ಲಕ್ಷಣವಷ್ಟೇ ಅಲ್ಲ, ಬೇನೆಯನ್ನು ಕರೆತರುವ ಬಾಗಿಲೂ ಅದೇ. ಅಂಥ ಮನೆಯಲ್ಲಿ ಬೆಳಗಿನ ತಿಂಡಿಯನ್ನು ಗಂಡನಾದವನು ಮಾಡಲು ಕಲಿಯುವುದು ಆಕೆಯ ಚಿಕಿತ್ಸೆಯ ಒಂದು ಅಂಗವೇ ಸರಿ. ಉಪ್ಪಿಟ್ಟು ಮಾಡಲು ಮಹಾ ಪಾಂಡಿತ್ಯವೇನೂ ಬೇಡ. ಆಕೆಯ ಸಂಬಳವು ಮನೆಗೆ ಬೇಕು, ಆಕೆಯ ನಿದ್ರೆ ಮಾತ್ರ ಬೇಡವೆಂದರೆ ಹೇಗೆ? ಅತ್ತೆಯವರು ‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು’ ಎನ್ನಬಹುದು. ಆ ಕಾಲದಲ್ಲಿಯೂ ಇತ್ತು, ತಾಯಿ. ದೆವ್ವವೆಂದೋ ಸೋಗೆಂದೋ ಬೇರೆ ಹೆಸರಿನಿಂದ ಇತ್ತು.

ಮತ್ತೊಂದು ಕಡೆಯ ಅತಿರೇಕವೂ ಉಂಟು. ಕಾಗದವು ಕೈಗೆ ಸಿಕ್ಕಿತೆಂದು ಮನೆಯವರು ಅದನ್ನೇ ಪಹರೆಯ ಕೋಲು ಮಾಡಿಕೊಳ್ಳುವುದು: ‘ಇಂದು ನಡೆದೆಯಾ, ಮಾತ್ರೆ ನುಂಗಿದೆಯಾ, ಏಕೆ ಮೌನ, ಏಕೆ ನಗು?’ ದಿನಕ್ಕೆ ಹತ್ತು ಸಲ ಹೀಗೆ ವಿಚಾರಿಸಿದರೆ ಸ್ವಸ್ಥನೂ ಕೆಡುವನು. ಯಾರು ಕೇಳಬೇಕು, ಯಾವ ಮಾತಿನಿಂದ ಕೇಳಬೇಕೆಂಬುದನ್ನು ಕಾಗದದಲ್ಲೇ ಬರೆದಿಡುವ ಪದ್ಧತಿ ಇರುವುದು ಇದಕ್ಕಾಗಿಯೇ. ಹೆಂಡತಿ ಕೇಳಿದರೆ ಕೋಪಗೊಳ್ಳುವವನು ಭಾವಮೈದುನನ ಮಾತಿಗೆ ತಲೆದೂಗುವುದುಂಟು. ಆಗಬಹುದು, ಭಾವಮೈದುನನೇ ಕೇಳಲಿ.

ಈ ಪತ್ರದಿಂದ ಸರ್ವವೂ ಸಾಧ್ಯವೆಂದು ನಾವು ಹೇಳುವವರಲ್ಲ. ಅಮೆರಿಕಾದ ಒಹಾಯೊ ಸಂಸ್ಥಾನದಲ್ಲಿ 519 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಎಂಟು ವಾರ ಈ ಕ್ರಮವನ್ನು ಕಲಿಸಿ ನೋಡಿದರು. ಕಲಿಸಿದವರೂ ಆ ಬೇನೆಯನ್ನು ಕಂಡುಂಡವರೇ. ಕಲಿತವರಲ್ಲಿ ರೋಗಲಕ್ಷಣಗಳು ಹೆಚ್ಚು ತಗ್ಗಿ, ಭರವಸೆ ಬೆಳೆದುದು ಕಂಡುಬಂದಿತು. ಆದರೆ ಅಲ್ಲಿ ಮುಖ್ಯವಾಗಿ ಅಳೆದುದು ಲಕ್ಷಣ, ಭರವಸೆಗಳನ್ನೇ ಹೊರತು ಉದ್ಯೋಗವನ್ನಲ್ಲ. ಔಷಧಿಗೆ ಇದು ಬದಲಿಯೂ ಅಲ್ಲ. ಮೂವರು ಮಾಡತಕ್ಕ ಕೆಲಸವನ್ನು ಒಬ್ಬನ ಮೇಲೆ ಹೇರಿ, ರಾತ್ರಿ ಹತ್ತರವರೆಗೆ ಕೂಡಿಸಿಕೊಂಡು, ‘ನೀನೊಂದು ಸ್ವಾಸ್ಥ್ಯಪತ್ರ ಬರೆದುಕೋ’ ಎನ್ನುವ ಯಜಮಾನನ ಕೈಯಲ್ಲಿ ಇದು ಬರಿಯ ವಂಚನೆಯಾದೀತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಮಾರ್ಗಸೂಚಿಯೂ ನೌಕರನನ್ನು ತಿದ್ದುವುದಷ್ಟೇ ಸಾಲದು, ಕೆಲಸದ ಏರ್ಪಾಡನ್ನೂ ತಿದ್ದಬೇಕೆನ್ನುತ್ತದೆ.

ಬರೆಯಲು ತೊಡಗುವವರಿಗೆ ಎರಡು ಸಣ್ಣ ಸೂಚನೆಗಳು. ಬುದ್ಧಿ ಸ್ತಿಮಿತದಲ್ಲಿಲ್ಲದಾಗ ತನಗೆ ಯಾವ ಚಿಕಿತ್ಸೆ ಸಮ್ಮತ, ಯಾವುದು ಅಸಮ್ಮತ, ತನ್ನ ಪರವಾಗಿ ನಿರ್ಧರಿಸತಕ್ಕವರು ಯಾರು ಎಂಬುದನ್ನು ಮುಂಗಡ ನಿರ್ದೇಶನವೆಂಬ ಹೆಸರಿನಿಂದ ಬರೆದಿಡುವ ಹಕ್ಕನ್ನು ಮೇಲೆ ಹೇಳಿದ 2017ರ ಕಾನೂನೇ ಕೊಟ್ಟಿದೆ. ಅದಕ್ಕೆ ನಿಯಮಗಳಿರುವುದರಿಂದ ಸ್ವಾಸ್ಥ್ಯಪತ್ರದೊಡನೆ ಬೆರೆಸದೆ ಪ್ರತ್ಯೇಕವಾಗಿ ಮಾಡಿಸಿರಿ. ಎರಡನೆಯದಾಗಿ, ಮನೆಯ ಹಾಳೆಯ ಕೆಳತುದಿಯಲ್ಲಿ 14416 ಎಂಬ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆಯಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ಸರಕಾರಿ ದೂರವಾಣಿ ಸೇವೆ ಅದು. ಹಗಲುರಾತ್ರಿ ತೆರೆದಿರುವುದು, ಕನ್ನಡದಲ್ಲಿಯೂ ಮಾತಾಡಬಹುದು, ಹಣ ತೆರಬೇಕಾದುದಿಲ್ಲ. ಹಾಳೆಯನ್ನು ಪಂಚಾಂಗದ ಜೊತೆಗೆ ಮೊಳೆಗೆ ತೂಗುಹಾಕಬೇಡಿರಿ, ಬಂದವರೆಲ್ಲ ಓದುವರು. ಬರೆದಾತನ ಕಪಾಟಿನಲ್ಲಿ ಒಂದು ಪ್ರತಿ, ಆತನು ಹೆಸರಿಸಿದವರ ಬಳಿ ಒಂದು ಪ್ರತಿ ಇದ್ದರೆ ಸಾಕು. ಯುಗಾದಿಗೊಮ್ಮೆ ಹೊರತೆಗೆದು, ಬದಲಾದ ಫೋನಿನ ಸಂಖ್ಯೆ, ಬದಲಾದ ಮಾತ್ರೆ, ಬದಲಾದ ಅಧಿಕಾರಿ ಇವುಗಳನ್ನು ತಿದ್ದಿ ಒಳಗಿಡಿರಿ.