ಹಳೆಯ ಗಣಕಕ್ಕೆ ಹೊಸ ಬಯಾಸ್: ಅವಸರ ಬೇಡ



ಈಚಿನ ದಿನಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಮ್ಮವರ ಮನೆಗಳಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತಿದೆ. ಪೂಜೆ ಪ್ರಸಾದಗಳು ಮುಗಿದು ಪಡಸಾಲೆಯಲ್ಲಿ ಕುಳಿತೊಡನೆ ಮನೆಯ ಹಿರಿಯರು ಮೂಲೆಯ ಮೇಜಿನ ಮೇಲಿರುವ ಹಳೆಯ ಗಣಕಯಂತ್ರವನ್ನು ತೋರಿಸಿ, “ಶಾಸ್ತ್ರಿಗಳೆ, ಇದರ ಬಯಾಸನ್ನು ಹೊಸದು ಮಾಡಿಸಿದರೆ ಇನ್ನೂ ನಾಲ್ಕು ವರ್ಷ ನಡೆಯುತ್ತದಂತೆ, ಮಾಡಿಸಬಹುದೆ?” ಎಂದು ಕೇಳುತ್ತಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿದ ಮೇಲೆ ಈ ಪ್ರಶ್ನೆ ಹೆಚ್ಚಿದೆ. ಮಠದಲ್ಲಿ ವ್ಯಾಕರಣವನ್ನೂ ವಚನಶಾಸ್ತ್ರವನ್ನೂ ಓದಿದವನಿಗೆ ಈ ಗೊಡವೆಯೇಕೆಂದು ಕೆಲವರು ನಗಬಹುದು. ಓಲೆಗರಿಗಳ ಪಾಠವನ್ನು ಗಣಕದಲ್ಲಿ ಬೆರಳಚ್ಚು ಮಾಡುತ್ತ ಇಪ್ಪತ್ತು ವರ್ಷಗಳನ್ನು ಕಳೆದಿರುವುದರಿಂದಲೂ, ಇದೇ ಬಯಾಸಿನ ಕೆಲಸದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿರುವುದರಿಂದಲೂ ಎರಡು ಮಾತು ಹೇಳುತ್ತೇನೆ.

ಈ ಯಂತ್ರಗಳ ಬೆಲೆ ಈಗ ಗುಜರಿಯವನ ತಕ್ಕಡಿಗೆ ಸಲ್ಲುವಷ್ಟೇ ಇರಬಹುದು. ಆದರೆ ಅವುಗಳ ಒಳಗೆ ಹೊಗೆಸೊಪ್ಪಿನ ಹರಾಜಿನ ಲೆಕ್ಕವಿದೆ, ಮಕ್ಕಳ ಮದುವೆಯ ಚಿತ್ರಗಳಿವೆ, ತೀರಿಕೊಂಡ ತಂದೆಯವರು ನುಡಿ ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡಿದ ವಚನ ವ್ಯಾಖ್ಯಾನವಿದೆ. ಆದಕಾರಣ ಪ್ರಶ್ನೆ ಸಣ್ಣದಲ್ಲ.

ಬಯಾಸ್ ಎಂಬುದು ಗಣಕದ ಮುಖ್ಯ ಫಲಕದ ಮೇಲಿರುವ, ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲದ ಒಂದು ಚಿಪ್ಪಿನೊಳಗೆ ಬರೆದಿಟ್ಟ ಮೊದಲ ಪಾಠ. ವಿದ್ಯುತ್ ಹರಿದೊಡನೆ ಯಂತ್ರವು ಮೊದಲು ಓದುವುದು ಅದನ್ನೇ. ‘ಸ್ಮೃತಿ ಎಲ್ಲಿದೆ, ಕೀಲಿಮಣೆ ಎಲ್ಲಿದೆ, ಡಿಸ್ಕು ಎಲ್ಲಿದೆ’ ಎಂಬುದನ್ನು ಅದರಿಂದ ತಿಳಿದುಕೊಂಡ ಬಳಿಕವೇ ವಿಂಡೋಸ್ ಎಚ್ಚರಗೊಳ್ಳುವುದು. ಈ ಹೆಸರು 1970ರ ದಶಕದಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ಎಂಬ ವ್ಯವಸ್ಥೆಯಿಂದ ಬಂದಿತು; 1981ರ ಐಬಿಎಂ ಪಿಸಿಯಿಂದ ಮನೆಮಾತಾಯಿತು. ಹೊಸ ಯಂತ್ರಗಳಲ್ಲಿ ಯುಇಎಫ್‌ಐ ಎಂಬುದು ಇದರ ಸ್ಥಾನಕ್ಕೆ ಬಂದಿದ್ದರೂ ಜನರ ಬಾಯಲ್ಲಿ ಬಯಾಸ್ ಎಂಬ ಹೆಸರೇ ನಿಂತಿದೆ.

ಮೊದಮೊದಲು ಈ ಪಾಠವನ್ನು ಒಮ್ಮೆ ಬರೆದರೆ ಅಳಿಸುವಂತಿರಲಿಲ್ಲ. 1990ರ ದಶಕದಲ್ಲಿ ಅಳಿಸಿ ಬರೆಯಬಲ್ಲ ಫ್ಲ್ಯಾಶ್ ಚಿಪ್ಪುಗಳು ರೂಢಿಗೆ ಬಂದವು. ಅನುಕೂಲದ ಬೆನ್ನಿಗೇ ಅಪಾಯವೂ ಬಂದಿತು. 1998ರಲ್ಲಿ ತೈವಾನಿನ ವಿದ್ಯಾರ್ಥಿಯೊಬ್ಬನು ಬರೆದ ಸಿಐಎಚ್ ಎಂಬ ವೈರಸ್, 1999ರ ಏಪ್ರಿಲ್ 26ರಂದು ಏಷ್ಯಾದ ಹಲವು ದೇಶಗಳಲ್ಲಿ ಲಕ್ಷಗಟ್ಟಲೆ ಗಣಕಗಳನ್ನು ಕೆಡಿಸಿತು; ಡಿಸ್ಕಿನ ಆದಿಭಾಗವನ್ನು ಅಳಿಸಿದ್ದಲ್ಲದೆ, ಕೆಲವು ಬಗೆಯ ಫಲಕಗಳಲ್ಲಿ ಬಯಾಸಿನ ಪಾಠವನ್ನೇ ಹಾಳುಗೆಡವಿತು. ಅಂತಹ ಯಂತ್ರಗಳು ಗುಂಡಿ ಒತ್ತಿದರೂ ಕಣ್ಣು ತೆರೆಯಲಿಲ್ಲ. ಒಡೆಯನು ಬರೆಯಬಹುದಾದುದನ್ನು ಕಳ್ಳನೂ ಬರೆಯಬಹುದೆಂಬುದು ಆಗ ಲೋಕಕ್ಕೆ ತಿಳಿಯಿತು.

ಇಂದಿನ ನಮ್ಮ ಭಯ ಕಳ್ಳನದಲ್ಲ, ಕರೆಂಟಿನದು. ಹುಣಸೂರು, ಪಿರಿಯಾಪಟ್ಟಣದ ರೈತರಿಗೆ ಇದನ್ನು ವಿವರಿಸುವುದು ಸುಲಭ. ಬ್ಯಾರನ್ನಿಗೆ ಸೊಪ್ಪು ಏರಿಸಿ ಬೆಂಕಿ ಕೊಟ್ಟ ಮೇಲೆ ಸೊಪ್ಪು ಹದವಾಗುವವರೆಗೆ ಹಗಲಿರುಳು ಕಾಯಬೇಕು. ನಡುವೆ ಬೆಂಕಿ ಆರಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಮತ್ತೆ ಹಸಿರಾಗಿಸಿ ಮೊದಲಿನಿಂದ ಬೇಯಿಸಲಾಗದು. ಬಯಾಸಿನ ಕೆಲಸ ಐದಾರು ನಿಮಿಷಗಳದ್ದಾದರೂ ಅದರ ಸ್ವಭಾವ ಇದೇ. ಹಳೆಯ ಪಾಠವನ್ನು ಅಳಿಸಿಯಾಗಿದೆ, ಹೊಸ ಪಾಠವಿನ್ನೂ ಪೂರ್ತಿಯಾಗಿಲ್ಲ. ಆ ನಡುವೆ ವಿದ್ಯುತ್ ಹೋದರೆ ಯಂತ್ರಕ್ಕೆ ಓದಲು ಏನೂ ಉಳಿದಿರುವುದಿಲ್ಲ.

ನನಗೆ ಆದದ್ದು ಅದೇ. ಆಷಾಢದ ಒಂದು ಸಂಜೆ, ಯಾವ ತೊಂದರೆಯೂ ಇಲ್ಲದ ಯಂತ್ರಕ್ಕೆ ಹೊಸ ಬಯಾಸ್ ಬಂದಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಬರೆಯಲು ತೊಡಗಿದೆ. ಮನೆಯಲ್ಲಿ ಇನ್ವರ್ಟರ್ ಇತ್ತು, ಅದನ್ನೇ ನಂಬಿದೆ. ಗಾಳಿಗೆ ಕರೆಂಟು ಹೋಯಿತು. ಇನ್ವರ್ಟರ್ ದೀಪವನ್ನು ಆರಗೊಡಲಿಲ್ಲ, ಫ್ಯಾನನ್ನು ನಿಲ್ಲಗೊಡಲಿಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಆ ಕ್ಷಣದ ಅಂತರವನ್ನು ಗಣಕ ತಾಳಲಿಲ್ಲ. ಪರದೆ ಕಪ್ಪಾಯಿತು. ಬಳಿಕ ಎಷ್ಟು ಬಾರಿ ಗುಂಡಿ ಒತ್ತಿದರೂ ಒಳಗಿನ ಫ್ಯಾನು ತಿರುಗಿತೇ ಹೊರತು ಒಂದಕ್ಷರ ಮೂಡಲಿಲ್ಲ. ಮೂರು ವರ್ಷ ಕುಳಿತು ಹೋಲಿಸಿ ಬರೆದ ಷಟ್‌ಸ್ಥಲ ವಚನಗಳ ಪಾಠಾಂತರಗಳೆಲ್ಲ ಅದರಲ್ಲಿದ್ದವು. ಓಲೆಯನ್ನು ಮುಟ್ಟುವ ಮೊದಲು ಪ್ರತಿ ತೆಗೆಯಿರೆಂದು ಶಿಷ್ಯರಿಗೆ ಹೇಳುತ್ತ ಬಂದ ನಾನು ನನ್ನ ಬರಹಕ್ಕೆ ಪ್ರತಿಯನ್ನು ಇಟ್ಟಿರಲಿಲ್ಲ. ಆ ರಾತ್ರಿ ಊಟ ರುಚಿಸಲಿಲ್ಲವೆಂದು ಹೇಳಲು ಸಂಕೋಚವಿಲ್ಲ.

ಮರುದಿನ ಸೋದರಳಿಯ ಬಂದು ಡಿಸ್ಕನ್ನು ಬಿಚ್ಚಿ, ಕೇಬಲ್ಲಿನ ಮೂಲಕ ಬೇರೊಂದು ಗಣಕಕ್ಕೆ ಜೋಡಿಸಿದ. ಎಲ್ಲ ಕಡತಗಳೂ ಇದ್ದಂತೆಯೇ ಇದ್ದವು. ಬಯಾಸಿನ ಚಿಪ್ಪು ಬೇರೆ, ಬರಹವಿರುವ ಡಿಸ್ಕು ಬೇರೆ. ಒಂದು ಸತ್ತರೆ ಇನ್ನೊಂದು ಸಾಯುವುದಿಲ್ಲ. ಈ ಮಾತನ್ನು ಮನೆಯವರೆಲ್ಲ ತಿಳಿದಿರಬೇಕು. ಇಲ್ಲವಾದರೆ ಕಂಗೆಟ್ಟು ಯಾರ ಮಾತನ್ನೋ ಕೇಳಿ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸಿಬಿಡುತ್ತಾರೆ. ಬಿಟ್‌ಲಾಕರಿನಿಂದ ಬೀಗ ಹಾಕಿದ ಡಿಸ್ಕು ಮಾತ್ರ ಇದಕ್ಕೆ ಅಪವಾದ. ಅದನ್ನು ಬೇರೆಡೆ ತೆರೆಯಲು 48 ಅಂಕಿಗಳ ಕೀಲಿಸಂಖ್ಯೆ ಬೇಕು. ಆದ್ದರಿಂದ ಕೆಲಸಕ್ಕೆ ಮುನ್ನವೇ ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು.

ಇನ್ನು, ಈ ಕೆಲಸ ಬೇಕೇ ಎಂಬುದು. ಬಹಳ ಮನೆಗಳಲ್ಲಿ ಬೇಕಿಲ್ಲ. ಪ್ರತಿದಿನ ಗಣಕ ಹಾಕಿದಾಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ, ಬ್ಯಾಂಕಿನ ಪುಟ ಸುರಕ್ಷಿತವಲ್ಲವೆಂದು ತೆರೆಯಲೊಲ್ಲದು ಎಂದು ದೂರುವವರ ಯಂತ್ರಕ್ಕೆ ಸಾಮಾನ್ಯವಾಗಿ ಬೇಕಾದುದು ಬಯಾಸ್ ಅಲ್ಲ. ಫಲಕದ ಮೇಲಿರುವ, ನಾಣ್ಯದಾಕಾರದ ಸಿಆರ್ 2032 ಎಂಬ 3 ವೋಲ್ಟಿನ ಸೆಲ್. ಗೋಡೆಯ ಪ್ಲಗ್ ಕಿತ್ತು ಅದನ್ನು ಬದಲಿಸಿದರೆ ದೂರು ನಿಲ್ಲುತ್ತದೆ. ಬಯಾಸ್ ಬದಲಿಸಿದರೆ ವಿಂಡೋಸ್ 11 ಬರುತ್ತದೆಂಬ ಮಾತೂ ಅರ್ಧ ಸತ್ಯ. ಅದಕ್ಕೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬವಲ್ಲದೆ ಇಂಟೆಲ್ಲಿನದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರ್ ಇರಬೇಕು. ಅಂತಹ ಯಂತ್ರವಾಗಿದ್ದು ಟಿಪಿಎಂ ಮಾತ್ರ ಕಾಣದಿದ್ದರೆ ಬಯಾಸ್ ನೆರವಾದೀತು. ಎಷ್ಟೋ ವೇಳೆ ಇರುವ ಬಯಾಸಿನಲ್ಲೇ ಅದನ್ನು ಚಾಲೂ ಮಾಡಿದರೆ ಸಾಕು. 2010ರ ಯಂತ್ರಕ್ಕೆ ಯಾವ ಬಯಾಸ್ ಬರೆದರೂ ಪ್ರೊಸೆಸರ್ ಹೊಸದಾಗದು. ಹೊಸ ಭಾಗವೊಂದನ್ನು ಯಂತ್ರ ಗುರುತಿಸುತ್ತಿಲ್ಲ, ಅಥವಾ ತಯಾರಕರು ಭದ್ರತೆಯ ದೋಷವೊಂದನ್ನು ತಿದ್ದಿದ್ದಾರೆ ಎಂಬ ಸ್ಪಷ್ಟ ಕಾರಣವಿದ್ದರೆ ಮಾತ್ರ ಕೈಹಾಕಬೇಕೆಂದು ನನ್ನ ಅಭಿಪ್ರಾಯ.

ಹಾಗೆ ಕೈಹಾಕುವುದಾದರೆ ಮೊದಲು ಬರಹ, ಚಿತ್ರಗಳಿಗೆಲ್ಲ ಪ್ರತಿ. ಬಳಿಕ ಫಲಕದ ಹೆಸರು. ಸಿಸ್ಟಂ ಇನ್ಫರ್ಮೇಶನ್ ಎಂಬ ಪುಟದಲ್ಲಿ ಫಲಕದ ಮಾದರಿಯೂ ಈಗಿನ ಬಯಾಸಿನ ಆವೃತ್ತಿಯೂ ಕಾಣುತ್ತವೆ. ಒಂದೇ ಹೆಸರಿನ ಫಲಕದಲ್ಲಿ ರೆವಿಷನ್ 1.0, 2.0 ಎಂಬ ಭೇದಗಳಿರುತ್ತವೆ. ಅದನ್ನು ಡಬ್ಬ ಬಿಚ್ಚಿ ಫಲಕದ ಅಂಚಿನಲ್ಲಿ ಓದಬೇಕು. ಒಂದರ ಪಾಠ ಇನ್ನೊಂದಕ್ಕೆ ಸಲ್ಲದು. ಕಡತವನ್ನು ತಯಾರಕರಲ್ಲಿಯೇ ಪಡೆಯಬೇಕು. ಡೆಲ್, ಎಚ್‌ಪಿ ಮುಂತಾದವರು ಜೋಡಿಸಿ ಮಾರಿದ ಯಂತ್ರವಾದರೆ ಆ ಯಂತ್ರದ ಮಾದರಿಯ ಹೆಸರಿನಲ್ಲಿ ಹುಡುಕಬೇಕು. ಆಮೇಲೆ ಈಗಿನ ಬಯಾಸಿನ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಇದರ ಉಪಯೋಗವನ್ನು ಮುಂದೆ ಹೇಳುವೆ.

ವಿದ್ಯುತ್ತಿನ ಮಾತು ಎಲ್ಲಕ್ಕಿಂತ ಮುಖ್ಯ. ಹೆಗ್ಗಡದೇವನಕೋಟೆಯ ತಾಯಿಯೊಬ್ಬರು ಇದಕ್ಕೆ ಒಳ್ಳೆಯ ದಿನ ನೋಡಿಕೊಡಿ ಎಂದರು. ಶರಣರು ತಿಥಿ ವಾರ ನಕ್ಷತ್ರಗಳ ಭಯವನ್ನು ಬಿಡಿಸಿದರು; ಆದರೆ ಸೆಸ್ಕಿನವರು ಪತ್ರಿಕೆಗಳಲ್ಲಿ ಕೊಡುವ ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನು ನೋಡಬೇಡಿರೆಂದು ಯಾವ ಶರಣರೂ ಹೇಳಿಲ್ಲ. ಭರಣಿ ಮಳೆಯ ಗುಡುಗಿರುವಾಗ ಬೇಡ, ಆಷಾಢದ ಗಾಳಿಯಲ್ಲಿ ಬೇಡ, ಹಳ್ಳಿಯಾದರೆ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಬರುವ ಹೋಗುವ ಹೊತ್ತಿನಲ್ಲಿಯೂ ಬೇಡ. ಗಣಕಕ್ಕೆಂದೇ ಇರುವ ಯುಪಿಎಸ್ ಬೇಕು. ಅದರ ಬ್ಯಾಟರಿ ಹಳತಾಗಿದ್ದರೆ ಕೀ ಕೀ ಎಂದು ಕೂಗಿ ಕೂಡಲೇ ಕೈಬಿಡುತ್ತದೆ. ಆದ್ದರಿಂದ ಹಿಂದಿನ ದಿನ ಕಡತಗಳನ್ನೆಲ್ಲ ಮುಚ್ಚಿ, ಗಣಕ ನಡೆಯುತ್ತಿರುವಾಗಲೇ ಗೋಡೆಯ ಸ್ವಿಚ್ಚನ್ನು ಆರಿಸಿ ನೋಡಿರಿ. ಹದಿನೈದು ನಿಮಿಷ ತಾಳಿದರೆ ಧೈರ್ಯ ಮಾಡಬಹುದು. ಕೆಲವು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ಚಿರುತ್ತದೆ. ಅದು ಹಿಂಬದಿಯಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ನನ್ನದರಲ್ಲಿಯೂ ಇತ್ತು, ನೋಡಿದ್ದು ಯಂತ್ರ ಕೆಟ್ಟ ಮೇಲೆ.

ಬರೆಯುವ ಕ್ರಿಯೆಯಲ್ಲಿ ಹೇಳಬೇಕಾದುದು ಕಡಿಮೆ. ಕಡತವನ್ನು ಫ್ಯಾಟ್32 ರೀತಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿಗೆ ಹಾಕಿ, ಬಯಾಸಿನ ಒಳಗೇ ಅದಕ್ಕೆಂದಿರುವ ಸಾಧನದಿಂದ ಬರೆಯುವುದು ಲೇಸು. ವಿಂಡೋಸ್ ನಡೆಯುತ್ತಿರುವಾಗ ಬರೆದರೆ ನಡುವೆ ಬೇರೆ ತಂತ್ರಾಂಶಗಳ ಕಾಟವಿರುತ್ತದೆ. ತಯಾರಕರ ಸೂಚನೆಯಲ್ಲಿ ಮೊದಲು ಇಂಥ ಆವೃತ್ತಿ, ಅನಂತರ ಇಂಥದು ಎಂಬ ಕ್ರಮವಿದ್ದರೆ ಮೀರಬಾರದು. ಬರೆಯುವಾಗ ಪರದೆ ನಿಂತಂತೆ ಕಂಡರೂ ಗುಂಡಿಯನ್ನು ಮುಟ್ಟಬಾರದು. ಯಂತ್ರ ತಾನಾಗಿ ಒಂದೆರಡು ಬಾರಿ ಆರಿ ಹೊತ್ತಿಕೊಳ್ಳುವುದೂ ಉಂಟು.

ಮುಗಿದ ಮೇಲೆ ಕೆಲವೊಮ್ಮೆ ವಿಂಡೋಸ್ ನೀಲಿ ಪರದೆ ತೋರಿ ನಿಲ್ಲುತ್ತದೆ. ಡಿಸ್ಕು ಹೋಯಿತೆಂದು ಅಳಬೇಕಾಗಿಲ್ಲ. ಹೊಸ ಪಾಠ ಬಂದಾಗ ಹಳೆಯ ಆಯ್ಕೆಗಳು ಅಳಿದಿರುತ್ತವೆ. ಮುಂಚೆ ಐಡಿಇ ಎಂದಿದ್ದ ಸಾಟಾ ಆಯ್ಕೆ ಎಎಚ್‌ಸಿಐ ಎಂದಾಗಿರಬಹುದು. ಮೊಬೈಲಿನ ಚಿತ್ರವನ್ನು ನೋಡಿ ಮೊದಲಿನಂತೆ ಮಾಡಿದರೆ ಯಂತ್ರ ಎಂದಿನಂತೆ ಏಳುತ್ತದೆ.

ಎಲ್ಲ ಎಚ್ಚರದ ನಂತರವೂ ಕೆಟ್ಟರೆ ದಾರಿಯಿದೆ. ಗಿಗಾಬೈಟ್ ಕಂಪನಿಯ ಅನೇಕ ಫಲಕಗಳಲ್ಲಿ ಎರಡು ಬಯಾಸ್ ಚಿಪ್ಪುಗಳಿದ್ದು ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಇಲ್ಲದಿದ್ದರೆ ಬಲ್ಲ ರಿಪೇರಿಯವರು ಆ ಎಂಟು ಕಾಲಿನ ಚಿಪ್ಪಿಗೆ ಹೊರಗಿನಿಂದಲೇ ಪಾಠವನ್ನು ಮತ್ತೆ ಬರೆಯಬಲ್ಲರು. ನನ್ನ ಯಂತ್ರಕ್ಕೆ ಮೈಸೂರಿನಲ್ಲಿ ಹಾಗೆಯೇ ಮಾಡಿಸಿದೆ. ಅರ್ಧ ಗಂಟೆಯ ಕೆಲಸ; ಹೋಗಿಬಂದ ಬಸ್ಸಿನ ಹೊತ್ತೇ ಹೆಚ್ಚು.

ಆ ಯಂತ್ರ ಈಗಲೂ ಇದೆ. ಇಂಟರ್‌ನೆಟ್ಟಿನ ತಂತಿಯನ್ನು ಕಿತ್ತು, ಬರೀ ಬರವಣಿಗೆಗೆ ಬಳಸುತ್ತಿದ್ದೇನೆ. ಬಯಾಸಿನ ತಂಟೆಗೆ ಮತ್ತೆ ಹೋಗಿಲ್ಲ. ಹುಣ್ಣಿಮೆಗೊಮ್ಮೆ ಎರಡು ಪೆನ್‌ಡ್ರೈವುಗಳಿಗೆ ಪ್ರತಿ ತೆಗೆಯುತ್ತೇನೆ. ಒಂದು ನನ್ನ ಪುಸ್ತಕದ ಕಪಾಟಿನಲ್ಲಿರುತ್ತದೆ, ಇನ್ನೊಂದು ಕೃಷ್ಣರಾಜನಗರದಲ್ಲಿ ಅಕ್ಕನ ಮನೆಯ ಬೀರುವಿನಲ್ಲಿ.